ಮೆರಾಬ್ ಸೋತ, ಇಸ್ಲಾಂ ಗೆದ್ದ: ಬೆಲ್ಟ್ ಇದ್ದವನನ್ನು ಅಳೆಯೋದು ಹೇಗೆ?

ಒಗ್ಗರಣಿ_ಮಿರ್ಚಿ (ಬಳ್ಳಾರಿ), 2025ರ ಡಿಸೆಂಬರ್ 7, ಭಾನುವಾರ ಮಧ್ಯಾಹ್ನ 12:40

ಬೆಳಿಗ್ಗೆ ಎಂಟೂವರೆಗೆ ಕೂತವನು ಈಗ ಎದ್ದೆ. ತಂದಿಟ್ಟುಕೊಂಡ ಒಗ್ಗರಣೆ ಮಿರ್ಚಿ ಪೊಟ್ಟಣದಲ್ಲೇ ಆರಿ ಮೆತ್ತಗಾಗಿದೆ. ಯುಎಫ್‌ಸಿ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಪಂಜರದ ಕಾಳಗ. ಅದರ ಬ್ಯಾಂಟಮ್‌ವೇಟ್ ಚಾಂಪಿಯನ್ ಮೆರಾಬ್ ದ್ವಾಲಿಶ್ವಿಲಿ ಸೋತ ಸ್ವಾಮಿ. ಪೀಟರ್ ಯಾನ್ ಐದೂ ಸುತ್ತು ನಿಂತು ಆಡಿ ಗೆದ್ದ. ಇಬ್ಬರು ಜಡ್ಜ್ 49-46 ಕೊಟ್ಟರು, ಒಬ್ಬರು 48-47 (ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9). ಜನವರಿಯಲ್ಲಿ ಉಮರ್ ನುರ್ಮಗೊಮೆದೊವ್, ಜೂನ್‌ನಲ್ಲಿ ಶಾನ್ ಒಮ್ಯಾಲಿ, ಅಕ್ಟೋಬರ್‌ನಲ್ಲಿ ಸ್ಯಾಂಡ್‌ಹೇಗನ್. ಒಂದೇ ವರ್ಷದಲ್ಲಿ ಮೂರು ಸಲ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಉಳಿಸಿಕೊಂಡವನು ನಾಲ್ಕನೇ ಸಲಕ್ಕೆ ಕೈಬಿಟ್ಟ.

ಆಗಲೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಶುರುವಾಗಿದೆ. "ಅವನು ಬರೀ ಹವಾ, ನಾನು ಮೊದಲೇ ಹೇಳಿರಲಿಲ್ವಾ" ಅಂತ. ಹೇಳಿರಲಿಲ್ಲ. ಅಕ್ಟೋಬರ್‌ನಲ್ಲಿ ಸ್ಯಾಂಡ್‌ಹೇಗನ್‌ನನ್ನು 20 ಸಲ ಕೆಡವಿದಾಗ ಇದೇ ಮಂದಿ ಸ್ಟೇಟಸ್ ಹಾಕಿಕೊಂಡಿದ್ದರು, ನನ್ನ ಹತ್ತಿರ ಸ್ಕ್ರೀನ್‌ಶಾಟ್ ಇದೆ.

ಮೂರು ವಾರದ ಹಿಂದೆ ಇದರ ಉಲ್ಟಾ ನಡೆಯಿತು. ನವೆಂಬರ್ 15, ನಮಗೆ 16ರ ಭಾನುವಾರ ಬೆಳಿಗ್ಗೆ, ನ್ಯೂಯಾರ್ಕ್‌ನಲ್ಲಿ ಲೈಟ್‌ವೇಟ್ ಚಾಂಪಿಯನ್ ಆಗಿದ್ದ ಇಸ್ಲಾಂ ಮಖಚೆವ್ ಒಂದು ತೂಕದ ವಿಭಾಗ ಮೇಲಕ್ಕೆ ಹೋಗಿ ಜಾಕ್ ಡೆಲ್ಲಾ ಮದಲೇನಾನ ಬೆಲ್ಟ್ ಕಿತ್ತುಕೊಂಡ. ಮೂವರು ಜಡ್ಜ್‌ಗಳೂ 50-45. ಯುಎಫ್‌ಸಿಯಲ್ಲಿ ಅವನಿಗೆ ಅದು ಸತತ 16ನೇ ಗೆಲುವು, ಆಂಡರ್ಸನ್ ಸಿಲ್ವಾನ ದಾಖಲೆಗೆ ಸಮ. ಅವತ್ತಿನಿಂದ ಇಸ್ಲಾಂ ದೇವರು, ಇವತ್ತಿನಿಂದ ಮೆರಾಬ್ ಕಸ.

ನನಗೆ ಈ ಲೆಕ್ಕ ಸರಿ ಅನ್ನಿಸುವುದಿಲ್ಲ. ಸತತ ಗೆಲುವು ಎಣಿಸುವುದು ಸುಲಭ, ಬೆರಳು ಸಾಕು. ನಾನು ಬೇರೆ ಒಂದು ನೋಡುತ್ತೇನೆ. ಒಬ್ಬ ಎದುರಾಳಿ ನಿನ್ನ ಕೈಯಲ್ಲಿ ಒಂದು ಸಲ ಸೋತು, ಮನೆಗೆ ಹೋಗಿ, ನಿನ್ನ ಪಟ್ಟುಗಳನ್ನೆಲ್ಲ ಕೂತು ಓದಿಕೊಂಡು, ಪೂರ್ತಿ ತಯಾರಿ ಮಾಡಿ ವಾಪಸ್ ಬಂದಾಗ ಏನಾಗುತ್ತದೆ? ಎರಡನೇ ಭೇಟಿ. ಅಲ್ಲಿ ಗೊತ್ತಾಗುತ್ತದೆ. 2023ರ ಮಾರ್ಚ್‌ನಲ್ಲಿ ಇದೇ ಮೆರಾಬ್ ಇದೇ ಯಾನ್‌ನನ್ನು 50-45ಕ್ಕೆ ಅರೆದುಬಿಟ್ಟಿದ್ದ. ಅವತ್ತು ಕೆಡವಲು 49 ಸಲ ಕಾಲಿಗೆ ಕೈ ಹಾಕಿದ, 11 ಸಲ ಕೆಡವಿದ. ಯಾನ್‌ಗೆ ಏನೂ ತೋಚಲಿಲ್ಲ. ಇವತ್ತು? ಮೆರಾಬ್ ಕಾಲಿಗೆ ಬರುವ ಹೊತ್ತಿಗೆ ಯಾನ್‌ನ ಸೊಂಟ ಹಿಂದಕ್ಕೆ ಹೋಗಿರುತ್ತಿತ್ತು. ಮೆರಾಬ್ ಏಳುವಾಗ ಹೊಟ್ಟೆಗೊಂದು ಬೀಳುತ್ತಿತ್ತು. ಐದನೇ ಸುತ್ತಿನಲ್ಲಿ ಹೊಟ್ಟೆಗೆ ಒದೆ ಬಿದ್ದಾಗ ಮೆರಾಬ್‌ನ ಮುಖ ನೋಡಿದಿರಾ? ಎಂದೂ ದಣಿಯದ ಮನುಷ್ಯ ಅಂತ ಹೆಸರು ಮಾಡಿದವನು ಅವನು.

ಈ ಲೆಕ್ಕದಲ್ಲಿ ನೋಡಿದರೆ ಇಸ್ಲಾಂ ಇವತ್ತಿನ ದಿನಕ್ಕೆ ಎಲ್ಲರಿಗಿಂತ ಮೇಲು. ಸಾರ್ವಕಾಲಿಕ ಶ್ರೇಷ್ಠ ಅನ್ನುವುದಕ್ಕೆ ಮಾತ್ರ ನನ್ನ ಕೈ ಏಳುವುದಿಲ್ಲ. ಬೈಯುವವರು ಬೈಯಬಹುದು, ನಾನು ಊಟ ಮಾಡಿ ಬರುತ್ತೇನೆ.

ರಾಯಚೂರು_ಸೌತ್‌ಪಾ, 12:58

ಅಣ್ಣಾ, ಮಿರ್ಚಿ ತಿನ್ನದೆ ಬರೆದಿದ್ದೀರಿ, ಅದಕ್ಕೇ ತಲೆ ಓಡಿಲ್ಲ.

ಇಸ್ಲಾಂ ಲೆಕ್ಕ ನೋಡಿ: 28 ಗೆಲುವು, 1 ಸೋಲು. ಆ ಒಂದು ಸೋಲು 2015ರ ಅಕ್ಟೋಬರ್‌ನಲ್ಲಿ, ಏಡ್ರಿಯಾನೋ ಮಾರ್ಟಿನ್ಸ್ ಕೈಯಲ್ಲಿ. ಹತ್ತು ವರ್ಷ ಆಯಿತು. ಹತ್ತು ವರ್ಷದಲ್ಲಿ ನಾನು ಪಿಯುಸಿ ಮುಗಿಸಿ, ಡಿಗ್ರಿ ಮುಗಿಸಿ, ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿ, ಬಿಟ್ಟು, ಮತ್ತೆ ಸೇರಿದ್ದೇನೆ. ಆ ಮನುಷ್ಯ ಸೋತೇ ಇಲ್ಲ. ಲೈಟ್‌ವೇಟ್‌ನಲ್ಲಿ ನಾಲ್ಕು ಸಲ ಬೆಲ್ಟ್ ಉಳಿಸಿಕೊಂಡ, ಆ ತೂಕದಲ್ಲಿ ಅಷ್ಟು ಬೇರೆ ಯಾರೂ ಮಾಡಿಲ್ಲ. ಆಮೇಲೆ 70 ಕೆಜಿಯಿಂದ 77ಕ್ಕೆ ಹೋಗಿ ಅಲ್ಲಿಯ ಚಾಂಪಿಯನ್‌ಗೆ ಒಂದು ಸುತ್ತೂ ಕೊಡಲಿಲ್ಲ. ಇನ್ನೇನು ಬೇಕು? ಆಧಾರ್ ಕಾರ್ಡಾ?

ಎರಡನೇ ಭೇಟಿ ಅಂದಿರಲ್ಲ, ವೋಲ್ಕನೋವ್ಸ್ಕಿ ಲೆಕ್ಕಕ್ಕಿಲ್ವಾ? ಮೊದಲನೇ ಸಲ 2023ರ ಫೆಬ್ರವರಿ, ಪರ್ತ್, ಐದು ಸುತ್ತು, ಬಿಗಿಯಾದ ಪಂದ್ಯ. ಎರಡನೇ ಸಲ ಅದೇ ಅಕ್ಟೋಬರ್, ಅಬುಧಾಬಿ, ಮೊದಲ ಸುತ್ತಿನಲ್ಲೇ ತಲೆಗೆ ಎಡಗಾಲು. ಮುಗೀತು.

ಡೆನಿಮ್_ಅಣ್ಣ (ಬಳ್ಳಾರಿ), 1:15

ಸೌತ್‌ಪಾ ತಮ್ಮಾ, ಆ ಎರಡನೇ ಸಲ ವೋಲ್ಕನೋವ್ಸ್ಕಿ ಎಷ್ಟು ದಿನದ ತಯಾರಿಯಲ್ಲಿ ಬಂದಿದ್ದ ಅಂತಾನೂ ಬರೆಯಬೇಕಲ್ಲ. ಎರಡು ವಾರವೂ ಇರಲಿಲ್ಲ. ಆಡಬೇಕಿದ್ದವನು ಚಾರ್ಲ್ಸ್ ಒಲಿವೇರಾ. ಹುಬ್ಬು ಒಡೆದುಕೊಂಡು ಹಿಂದೆ ಸರಿದ. ಫೋನ್ ಮಾಡಿದರು, ಆ ಪುಣ್ಯಾತ್ಮ ಬಂದ.

ನಾನು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಮೇಲ್ವಿಚಾರಣೆ ಮಾಡುವವನು. ಶನಿವಾರ ರಾತ್ರಿ ಫೋನ್ ಬಂದು "ಸೋಮವಾರ ಬೆಳಿಗ್ಗೆ 500 ಪೀಸ್ ಬೇಕು" ಅಂದರೆ ಹೊಲಿದು ಕೊಡುತ್ತೇವೆ. ಆದರೆ ಆ ಪೀಸ್ ನೋಡಿ ನನ್ನ ಕೆಲಸ ಅಳೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅಷ್ಟೇ.

ಸುಮ್ನೆ ಒಂದು ಲೆಕ್ಕ ಹಾಕಿ. 2021ರ ಅಕ್ಟೋಬರ್‌ನಲ್ಲಿ ಡ್ಯಾನ್ ಹೂಕರ್, ಡೋಸ್ ಆಂಜೋಸ್ ಜಾಗಕ್ಕೆ ಬಂದವನು, ಹಿಂದಿನ ತಿಂಗಳು ತಾನೇ ಒಂದು ಪಂದ್ಯ ಆಡಿದ್ದ. 2022ರ ಫೆಬ್ರವರಿಯಲ್ಲಿ ಬಾಬಿ ಗ್ರೀನ್, ಎರಡು ವಾರದ ಹಿಂದೆ ಆಡಿ ಮುಗಿಸಿದವನು, ದಾರಿಯುಶ್ ಗಾಯಗೊಂಡ ಅಂತ ಬಂದ. ವೋಲ್ಕನೋವ್ಸ್ಕಿ ಕಥೆ ಆಯಿತು. ಈ ವರ್ಷ ಜನವರಿಯಲ್ಲಿ ಅರ್ಮಾನ್ ಸರುಕ್ಯಾನ್ ಬೆನ್ನುನೋವು ಅಂತ ತೂಕದ ದಿನ ಸರಿದುಬಿಟ್ಟ, ಅದೇ ಕಾರ್ಡ್‌ನಲ್ಲಿ (ಆ ದಿನದ ಪಂದ್ಯಗಳ ಪಟ್ಟಿಯಲ್ಲಿ) ಬೇರೊಬ್ಬನ ಜೊತೆ ಆಡಬೇಕಿದ್ದ ಮೋಯ್ಕಾನೋನನ್ನು ಒಂದೇ ದಿನದಲ್ಲಿ ಬೆಲ್ಟ್ ಪಂದ್ಯಕ್ಕೆ ನಿಲ್ಲಿಸಿದರು. ಹದಿನಾರರಲ್ಲಿ ನಾಲ್ಕು ಹೀಗೆ. ಇಸ್ಲಾಂ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವನು ಬಂದ, ತೂಕ ಕೊಟ್ಟ, ಎದುರಿಗೆ ಯಾರು ನಿಂತರೋ ಅವರನ್ನು ಮುಗಿಸಿದ. ಆದರೆ ಹದಿನಾರು ಅಂತ ಕೂಗುವಾಗ ಈ ನಾಲ್ಕನ್ನೂ ಅದೇ ತೂಕಕ್ಕೆ ಹಾಕಬೇಡಿ.

ರಾಯಚೂರು_ಸೌತ್‌ಪಾ, 1:22

ಡೆನಿಮ್ ಅಣ್ಣಾ, ಅವರಿಗೆ ತಯಾರಿ ಇರಲಿಲ್ಲ ಸರಿ. ಇವನಿಗೆ ಇತ್ತಾ? ಸರುಕ್ಯಾನ್‌ಗೆ ಅಂತ ತಿಂಗಳುಗಟ್ಟಲೆ ತಯಾರಾಗಿ, ಹಿಂದಿನ ದಿನ ಎದುರಾಳಿ ಬದಲಾದರೆ ಇವನ ಪ್ಲಾನ್ ಕೂಡ ಕಸದ ಬುಟ್ಟಿಗೇ. ಅದನ್ನು ಯಾರೂ ಹೇಳುವುದಿಲ್ಲ. ಮೋಯ್ಕಾನೋ ಸೋತರೂ ಅವನಿಗೆ ಮಾನ ಹೋಗುತ್ತಿರಲಿಲ್ಲ. ಇಸ್ಲಾಂ ಸೋತಿದ್ದರೆ ಬೆಲ್ಟ್, ದಾಖಲೆ, ಹತ್ತು ವರ್ಷ ಎಲ್ಲಾ ಒಂದೇ ರಾತ್ರಿಯಲ್ಲಿ ಹೋಗುತ್ತಿತ್ತು.

ಡೆನಿಮ್_ಅಣ್ಣ (ಬಳ್ಳಾರಿ), 1:26

ಇದು ಒಪ್ಪತಕ್ಕ ಮಾತು. ಅರ್ಧ ಒಪ್ಪಿದೆ.

ಗರಡಿ_ಮೊಮ್ಮಗ (ಕೊಪ್ಪಳ), 1:50

ನಮ್ಮ ಅಜ್ಜನ ಕಥೆ ಹೇಳಬೇಕು. ಅಜ್ಜನಿಗೆ ಎಂಬತ್ತು ದಾಟಿದೆ. ವಯಸ್ಸಿನಲ್ಲಿ ಜಾತ್ರೆ ಕುಸ್ತಿ ಆಡಿದವರು. ಈಗಲೂ ಎಡಗಿವಿ ಕಡಲೆಕಾಯಿ ಥರ ಮುದುಡಿದೆ. ಮನೆಯಲ್ಲಿ ಯಾವುದೋ ಟ್ರಂಕಿನಲ್ಲಿ ಒಂದು ಬೆಳ್ಳಿ ಕಡಗ ಇದೆ, ಯಾರಿಗೂ ಮುಟ್ಟಲು ಬಿಡುವುದಿಲ್ಲ. ನಾನು ಭಾನುವಾರ ಬೆಳಿಗ್ಗೆ ಟಿವಿಗೆ ಮೊಬೈಲ್ ಜೋಡಿಸಿದರೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ರಕ್ತ ಬಂದರೆ ಮಾತ್ರ ಎದ್ದು ಹೋಗುತ್ತಾರೆ, "ಇದೇನು ಕುಸ್ತಿನೋ ಕಸಾಯಿಖಾನಿನೋ" ಅಂತ.

ಆಗಸ್ಟ್‌ನಲ್ಲಿ ಖಮ್ಜಾತ್ ಚಿಮಾಯೆವ್ ಮತ್ತು ಡ್ರಿಕಸ್ ಡು ಪ್ಲೆಸಿ ಪಂದ್ಯ ತೋರಿಸಿದ್ದೆ. 25 ನಿಮಿಷದ ಪಂದ್ಯದಲ್ಲಿ ಚಿಮಾಯೆವ್ 21 ನಿಮಿಷಕ್ಕೂ ಮೇಲೆ ಅವನನ್ನು ಕೆಳಗೆ ಹಾಕಿಕೊಂಡಿದ್ದ. ಮೂವರೂ ಜಡ್ಜ್ 50-44. ಮೊದಲ ಸುತ್ತಿನಲ್ಲಿ ಎರಡೂ ಕೈ ಕಟ್ಟಿಹಾಕಿ ಮುಖಕ್ಕೆ ತಟ್ಟುತ್ತಾ ಕೂತಾಗ ಅಜ್ಜ ಮುಂದಕ್ಕೆ ಬಾಗಿ ನೋಡಿದರು. ಮೂರನೇ ಸುತ್ತಿಗೆ ಚಡಪಡಿಸಲು ಶುರು. ನಾಲ್ಕರಲ್ಲಿ ಕೇಳಿದರು, "ಚಿತ್ ಯಾವಾಗ ಮಾಡ್ತಾನಲೇ? ಮ್ಯಾಲೆ ಕುಂತ್ರ ಗೆದ್ದಂಗೇನು?"

ನಾನು ಹೇಳಿದೆ, ಅಜ್ಜಾ ಇದರಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲಲ್ಲ. ಅಜ್ಜನಿಗೆ ಅದು ಒಪ್ಪಿಗೆಯೇ ಆಗಲಿಲ್ಲ. ಅವರ ಲೆಕ್ಕದಲ್ಲಿ ಡು ಪ್ಲೆಸಿ ಮೊದಲ ನಿಮಿಷಕ್ಕೇ ಸೋತಾಯಿತು, ಇನ್ನು ಉಳಿದ 24 ನಿಮಿಷ ಯಾಕೆ? ಇಲ್ಲವೇ ಚಿಮಾಯೆವ್ ಗೆದ್ದೇ ಇಲ್ಲ, ಯಾಕೆಂದರೆ ಮುಗಿಸಲಿಲ್ಲ. ಎರಡರಲ್ಲಿ ಒಂದು. ನಡುವೆ ಅಂಕ ಗಿಂಕ ಅವರಿಗೆ ಬೇಡ.

ಇಸ್ಲಾಂ ವಿಷಯದಲ್ಲಿ ಮಾತ್ರ ಬೇರೆ. ಮೋಯ್ಕಾನೋನ ಕುತ್ತಿಗೆ ಮತ್ತು ಒಂದು ತೋಳನ್ನು ಸೇರಿಸಿ ಡಾರ್ಸ್ ಅನ್ನುವ ಪಟ್ಟು ಹಾಕಿ ಬಿಗಿದನಲ್ಲ, ಅದನ್ನು ಅಜ್ಜ ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದರು. ಪೊಯಿರಿಯರ್‌ಗೆ 2024ರ ಜೂನ್‌ನಲ್ಲಿ ಐದನೇ ಸುತ್ತಿನಲ್ಲಿ ಹಾಕಿದ್ದೂ ಅದೇ. ಆ ತೋಳು ಸಿಕ್ಕಿಕೊಂಡಿರುವುದು ನೋಡಿ ತಮ್ಮ ಭುಜ ಒಂದು ಸಲ ಅಲ್ಲಾಡಿಸಿ, "ಈ ಹುಡುಗನಿಗೆ ಯಾರೋ ಕಲಿಸ್ಯಾರ" ಅಂದರು. ಅಜ್ಜನ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ನನ್ನ ಮದುವೆಯಲ್ಲಿ ಕೂಡ ಕೇಳಿಲ್ಲ.

ಜೂಡೋ_ಅಕ್ಕ (ಸಂಡೂರು), 2:20

ಮೊಮ್ಮಗ, ನಿಮ್ಮ ಅಜ್ಜನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ. ಅವರ ಪ್ರಶ್ನೆ ಸರಿಯಾದ ಪ್ರಶ್ನೆ.

ಮಣ್ಣಿನ ಕುಸ್ತಿಯಲ್ಲಿ ಬೆನ್ನು ತಾಗಿತು, ಮುಗಿಯಿತು. ಜೂಡೋದಲ್ಲಿ ಬೆನ್ನ ಮೇಲೆ 20 ಸೆಕೆಂಡ್ ಒತ್ತಿ ಹಿಡಿದರೆ ಇಪ್ಪಾನ್, ಅಂದರೆ ಪೂರ್ತಿ ಗೆಲುವು, ಮುಗಿಯಿತು. ಪಂಜರದಲ್ಲಿ ಇಪ್ಪತ್ತು ನಿಮಿಷ ಹಿಡಿದರೂ ಮುಗಿಯುವುದಿಲ್ಲ. ಮೂರೂ ಕಡೆ ಕೆಳಗೆ ಬಿದ್ದವನ ದೇಹಕ್ಕೆ ಆಗುವುದು ಒಂದೇ, ಅದಕ್ಕೆ ಕೊಡುವ ಬೆಲೆ ಮಾತ್ರ ಬೇರೆ.

ನಾನು ಕಾಲೇಜಿನಲ್ಲಿ ಮೂರು ವರ್ಷ ಜೂಡೋ ಆಡಿದವಳು, ದೊಡ್ಡ ಆಟಗಾರ್ತಿ ಏನಲ್ಲ. ಆದರೆ ಕೆಳಗೆ ಸಿಕ್ಕಿಕೊಂಡು ಗೊತ್ತು. ಒಂದು ಸಲ ನನಗಿಂತ ಹತ್ತು ಕೆಜಿ ಜಾಸ್ತಿ ಇದ್ದ ಹುಡುಗಿ ಕುತ್ತಿಗೆ ಸುತ್ತಿ ಎದೆಯ ಮೇಲೆ ಕೂತಳು. ಕಿವಿ ಮ್ಯಾಟ್‌ಗೆ ಒತ್ತಿಕೊಂಡಿತ್ತು, ಪಕ್ಕದ ಜೋಡಿ ಧಪ್ ಅಂತ ಬೀಳುವುದು ನೆಲದೊಳಗಿಂದ ಕೇಳಿಸುತ್ತಿತ್ತು. ಉಸಿರು ಬಿಟ್ಟಾಗಲೆಲ್ಲ ಅವಳು ಒಂದು ಬೆರಳಷ್ಟು ಕೆಳಗೆ ಇಳಿಯುತ್ತಿದ್ದಳು. ಮುಂದಿನ ಉಸಿರಿಗೆ ಅಷ್ಟು ಜಾಗ ಕಮ್ಮಿ. ಹನ್ನೆರಡನೇ ಸೆಕೆಂಡಿಗೆ ನಾನು ಒಳಗಿಂದ ಬಿಟ್ಟುಕೊಟ್ಟಿದ್ದೆ. ಅದು ಹೊರಗೆ ಕೂತು ನೋಡಿದವರಿಗೆ ಬೋರ್, ನನಗೆ ಅಲ್ಲ.

ಅದಕ್ಕೇ ನನಗೆ ಇಸ್ಲಾಂ ಮತ್ತು ಡೆಲ್ಲಾ ಮದಲೇನಾ ಪಂದ್ಯ ಬೋರ್ ಅನ್ನುವವರ ಮೇಲೆ ಸ್ವಲ್ಪ ಸಿಟ್ಟು. ಆ ಹುಡುಗನ ಬಂಡವಾಳ ಅವನ ಬಾಕ್ಸಿಂಗ್. ಅದೇ ಕೈಯಲ್ಲಿ ಮೇ ತಿಂಗಳಲ್ಲಿ ಬೆಲಾಲ್ ಮುಹಮ್ಮದ್‌ನಿಂದ ಬೆಲ್ಟ್ ತಂದಿದ್ದ. ಇಸ್ಲಾಂ ಮೊದಲು ಅವನ ಮೀನಖಂಡಕ್ಕೆ ಒದ್ದು ಕಾಲು ಕೆಡಿಸಿದ. ಕಾಲಿಲ್ಲದ ಬಾಕ್ಸರ್ ಅಂದರೆ ಗಾಲಿ ಇಲ್ಲದ ಬಂಡಿ. ಆಮೇಲೆ ಕೆಡವಿದ. ಎದ್ದು ನಿಲ್ಲಬೇಕಾದರೆ ಒಂದು ಕೈ ನೆಲಕ್ಕೆ ಊರಲೇಬೇಕು. ಆ ಊರುವ ಕೈಯ ಮಣಿಕಟ್ಟನ್ನೇ ಹಿಡಿಯುವುದು ಇಸ್ಲಾಂನ ಸೀಮೆ ದಾಗೆಸ್ತಾನದವರ ಹಳೇ ವಿದ್ಯೆ, ಹಿಂದಿನ ಚಾಂಪಿಯನ್ ಖಬೀಬ್ ಕಾಲದಿಂದ ನೋಡಿದ್ದೇವೆ. ಪಂದ್ಯದ ಮುಕ್ಕಾಲು ಪಾಲು ಹೀಗೇ ಹೋಯಿತು. ಚಾಂಪಿಯನ್ ಒಬ್ಬನಿಗೆ ತನ್ನ ಒಳ್ಳೆಯ ಹೊಡೆತ ಹೊಡೆಯಲು ಅವಕಾಶವೇ ಸಿಗಲಿಲ್ಲ. ಯಾರು ಎಷ್ಟು ಹೊಡೆದರು ಅಂತ ಎಣಿಸುವವರು, ಯಾರಿಗೆ ಏನು ಮಾಡಲು ಬಿಡಲಿಲ್ಲ ಅಂತಲೂ ಎಣಿಸಬೇಕಲ್ವಾ?

ಸುಮ್ನೆ_ಓದೋನು, 2:31

ಅಕ್ಕಾ, "ಮುಂದಿನ ಉಸಿರಿಗೆ ಜಾಗ ಕಮ್ಮಿ" ಓದಿ ಫ್ಯಾನ್ ಜೋರು ಮಾಡಿಕೊಂಡೆ.

ಎಡದಂಡೆ_ಕಾಲುವೆ (ಸಿಂಧನೂರು), 2:45

ಎಲ್ಲರೂ ಭಕ್ತರೇ ಆದರೆ ಹೇಗೆ, ಒಬ್ಬನಾದರೂ ವಿರೋಧ ಪಕ್ಷ ಬೇಡವಾ.

ಜೂಡೋ ಅಕ್ಕ ಹೇಳಿದ್ದು ಅನುಭವದ ಮಾತು, ಒಪ್ಪಿದೆ. ಆದರೆ ನಿಯಮ ಪುಸ್ತಕ ಬೇರೆ ಹೇಳುತ್ತದೆ. ಜಡ್ಜ್‌ಗಳು ಮೊದಲು ನೋಡಬೇಕಿರುವುದು ಹೊಡೆತ ಮತ್ತು ಹಿಡಿತದಿಂದ ಆದ ಪರಿಣಾಮ, ಅಂದರೆ ಎದುರಾಳಿಗೆ ಎಷ್ಟು ಪೆಟ್ಟಾಯಿತು, ಪಂದ್ಯ ಮುಗಿಯುವ ಹತ್ತಿರಕ್ಕೆ ಎಷ್ಟು ಬಂತು ಅನ್ನುವುದು. ಅದು ಸಮ ಅನ್ನಿಸಿದರೆ ಮಾತ್ರ ಯಾರು ಮುನ್ನುಗ್ಗಿದರು ಅಂತ ನೋಡಬೇಕು. ಅದೂ ಸಮವಾದರೆ ಪಂಜರದಲ್ಲಿ ಯಾರ ಹತೋಟಿ ಇತ್ತು ಅನ್ನುವುದು. ಹತೋಟಿ ಕೊನೆಯ ಮೆಟ್ಟಿಲು. ಚಿಮಾಯೆವ್ ಆ ರಾತ್ರಿ ಒಟ್ಟು 529 ಏಟು ಹಾಕಿದ, ಅದರಲ್ಲಿ ಗಟ್ಟಿ ಏಟು ಅಂತ ಲೆಕ್ಕಕ್ಕೆ ಬಂದದ್ದು ಬರೀ 37. ಉಳಿದದ್ದೆಲ್ಲ ರೊಟ್ಟಿ ತಟ್ಟಿದಂತೆ. ಅದಕ್ಕೆ 50-44 ಕೊಟ್ಟರು. ಒಂದು ಸುತ್ತಿಗೆ 10-8 ಬಂದಿದೆ ಅಂತಾಯಿತು. ಡು ಪ್ಲೆಸಿ ಎದ್ದು ನಡೆದುಕೊಂಡು ಹೋದ, ಮುಖ ನೋಡಿದರೆ ಮದುವೆ ಮನೆಯಿಂದ ಬಂದವನ ಥರ ಇದ್ದ.

ನನ್ನ ತಕರಾರು ಇಸ್ಲಾಂ ಮೇಲಲ್ಲ, ಅಭಿಮಾನಿಗಳ ಮೇಲೆ. ಕೆಳಗಿನ ತೂಕದಿಂದ ಟೊಪುರಿಯಾ ಬರುತ್ತಾನೆ ಅಂದಾಗ ಇವರ ದೇವರು ಲೈಟ್‌ವೇಟ್ ಬೆಲ್ಟ್ ಕೆಳಗಿಟ್ಟು ಮೇಲಿನ ತೂಕಕ್ಕೆ ಹೋದ. ಖಾಲಿ ಬಿದ್ದ ಬೆಲ್ಟ್‌ಗೆ ಜೂನ್‌ನಲ್ಲಿ ಟೊಪುರಿಯಾ ಬಂದು ಒಲಿವೇರಾನನ್ನು ಮೊದಲ ಸುತ್ತಿನಲ್ಲೇ ಮಲಗಿಸಿದ. ವೋಲ್ಕನೋವ್ಸ್ಕಿ, ಹಾಲೋವೇ, ಒಲಿವೇರಾ, ಮೂವರನ್ನೂ ಸಾಲಾಗಿ ನಾಕೌಟ್. ಅದನ್ನೇ ನಾನು ಪ್ರಾಬಲ್ಯ ಅನ್ನುತ್ತೇನೆ, ಮಣಿಕಟ್ಟು ಹಿಡಿಯುವುದನ್ನಲ್ಲ.

ರಾಯಚೂರು_ಸೌತ್‌ಪಾ, 2:52

ಕಾಲುವೆ ಗುರುಗಳೇ, ನೀರು ಬಿಟ್ಟಾಗ ಮಾತ್ರ ಬರುತ್ತೀರಿ, ಬಂದರೆ ಜೋರಾಗಿಯೇ ಬರುತ್ತೀರಿ. ಕೆಳಗಿನ ತೂಕದಿಂದ ಬಂದವನಿಗಾಗಿ ಕಾಯದೆ ಮೇಲಿನ ತೂಕದ ಚಾಂಪಿಯನ್ ಹತ್ತಿರ ಹೋಗುವುದು ಓಡಿಹೋಗುವುದಾ? ಚಿಕ್ಕ ಹುಡುಗನನ್ನು ಬಿಟ್ಟು ದೊಡ್ಡವನ ಜೊತೆ ಜಗಳಕ್ಕೆ ಹೋದವನಿಗೆ ಪುಕ್ಕಲ ಅನ್ನುವ ಊರು ಯಾವುದು?

ಇಷ್ಟು ದಿನ ಹೋಗಿರಲಿಲ್ಲ, ಯಾಕೆಂದರೆ ಅಲ್ಲಿ ಬೆಲ್ಟ್ ಇದ್ದದ್ದು ಬೆಲಾಲ್ ಹತ್ತಿರ, ಅವನು ಗೆಳೆಯ. ಗೆಳೆಯನ ಮೇಲೆ ಕೈ ಎತ್ತುವುದಿಲ್ಲ ಅಂದಿದ್ದ. ಬೆಲಾಲ್ ಸೋತ, ಇವನು ಹೋದ.

ಎಡದಂಡೆ_ಕಾಲುವೆ (ಸಿಂಧನೂರು), 2:55

ಚಿಕ್ಕ ಹುಡುಗನ ಕೈಯಲ್ಲಿ ಕಲ್ಲಿದ್ದರೆ ದೊಡ್ಡವನ ಹತ್ತಿರ ಹೋಗುವುದೇ ಕ್ಷೇಮ ತಮ್ಮಾ.

ಒಗ್ಗರಣಿ_ಮಿರ್ಚಿ (ಬಳ್ಳಾರಿ), 3:30

ಊಟ ಆಯಿತು, ಒಂದು ನಿದ್ದೆಯೂ ಆಯಿತು. ಇಷ್ಟೊಂದು ಬರೆದಿದ್ದೀರಿ, ಖುಷಿ.

ನನ್ನ ಎರಡನೇ ಭೇಟಿ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ನನಗೆ ಮೆರಾಬ್‌ನಿಂದ ಬಂದ ಯೋಚನೆ ಅಲ್ಲ, ಹಳೇ ಪಂದ್ಯಗಳನ್ನು ನೋಡುತ್ತಾ ಬಂದದ್ದು. ಜಾರ್ಜ್ ಸೇಂಟ್ ಪಿಯೆರ್ 2007ರಲ್ಲಿ ಮ್ಯಾಟ್ ಸೆರಾ ಕೈಯಲ್ಲಿ ಬೆಲ್ಟ್ ಕಳೆದುಕೊಂಡ, ಇಡೀ ಲೋಕ ನಕ್ಕಿತು. 2008ರಲ್ಲಿ ಮತ್ತೆ ಸಿಕ್ಕಾಗ ಸೆರಾಗೆ ತಲೆ ಎತ್ತಲು ಬಿಡಲಿಲ್ಲ. ಮ್ಯಾಟ್ ಹ್ಯೂಸ್‌ಗೆ 2004ರಲ್ಲಿ ಸೋತಿದ್ದ, ಆಮೇಲೆ ಎರಡು ಸಲ ಹೊಡೆದ. ಆಂಡರ್ಸನ್ ಸಿಲ್ವಾ 2010ರಲ್ಲಿ ಶೇಲ್ ಸೊನ್ನೆನ್ ಕೈಯಲ್ಲಿ ನಾಲ್ಕು ಸುತ್ತು ತಿಂದು ಐದನೆಯದರಲ್ಲಿ ಕಾಲಿನಿಂದ ಕುತ್ತಿಗೆ ಕಟ್ಟಿ ಬಚಾವಾದ. ಅದು ಅದೃಷ್ಟ ಅಂದರು. 2012ರಲ್ಲಿ ಮತ್ತೆ ಸಿಕ್ಕಾಗ ಎರಡನೇ ಸುತ್ತಿಗೆ ಮುಗಿಸಿದ. ಜಾನ್ ಜೋನ್ಸ್‌ಗೆ ಗುಸ್ತಾಫ್ಸನ್ 2013ರಲ್ಲಿ ಬೆವರಿಳಿಸಿದ್ದ, 2018ರಲ್ಲಿ ಜೋನ್ಸ್ ಮೂರನೇ ಸುತ್ತಿನಲ್ಲಿ ಲೆಕ್ಕ ಚುಕ್ತಾ ಮಾಡಿದ.

ಇದರ ಉಲ್ಟಾನೂ ಇದೆ. ಡಿಮೆಟ್ರಿಯಸ್ ಜಾನ್ಸನ್ ಸತತ 11 ಸಲ ಬೆಲ್ಟ್ ಉಳಿಸಿಕೊಂಡವನು. 2016ರಲ್ಲಿ ಸೆಹುಡೋನನ್ನು ಮೊದಲ ಸುತ್ತಿನಲ್ಲೇ ಕೆಡವಿದ್ದ. 2018ರಲ್ಲಿ ಅದೇ ಸೆಹುಡೋ ಓದಿಕೊಂಡು ಬಂದು ಬೆಲ್ಟ್ ಒಯ್ದ. ಹಾಗಂತ ಜಾನ್ಸನ್ ಸಣ್ಣವನಾ? ಇಲ್ಲ. ಅವನು ಪರೀಕ್ಷೆಗೆ ಕೂತ, ಆ ಸಲ ಫೇಲಾದ. ಮೆರಾಬ್ ಕೂಡ ಹಾಗೇ. ಕೂತೇ ಇಲ್ಲದವನಿಗಿಂತ ಕೂತು ಫೇಲಾದವನ ಮೇಲೆ ನನಗೆ ಜಾಸ್ತಿ ಗೌರವ.

ಇಸ್ಲಾಂ ಆ ಪರೀಕ್ಷೆಗೆ ಸರಿಯಾಗಿ ಕೂತಿಲ್ಲ ಅನ್ನುವುದು ನನ್ನ ದೂರು. ವೋಲ್ಕನೋವ್ಸ್ಕಿ ತಯಾರಿಲ್ಲದೆ ಬಂದ. ಮೊದಲನೇ ಪಂದ್ಯದ ಐದನೇ ಸುತ್ತು ನೆನಪಿದೆಯಲ್ಲ, ಇಸ್ಲಾಂನನ್ನು ಬೀಳಿಸಿ, ಗಂಟೆ ಹೊಡೆಯುವಾಗ ಮೇಲೆ ಕೂತು ಗುದ್ದುತ್ತಿದ್ದವನು ವೋಲ್ಕ್. ಆ ಮನುಷ್ಯ ಪೂರ್ತಿ ತಯಾರಿಯಲ್ಲಿ ಎರಡನೇ ಸಲ ಬಂದಿದ್ದರೆ? ಸರುಕ್ಯಾನ್‌ನನ್ನು 2019ರ ಏಪ್ರಿಲ್‌ನಲ್ಲಿ ಸೋಲಿಸಿದ್ದ, ಅದು ಆ ಹುಡುಗನ ಮೊದಲ ಯುಎಫ್‌ಸಿ ಪಂದ್ಯ. ಬೆಳೆದು ಬಂದ ಸರುಕ್ಯಾನ್ ಜೊತೆ ಎರಡನೇ ಭೇಟಿ ಈ ಜನವರಿಯಲ್ಲಿ ಆಗಬೇಕಿತ್ತು, ಬೆನ್ನು ಕೈಕೊಟ್ಟಿತು. ಒಲಿವೇರಾನ ಎರಡನೇ ಭೇಟಿ ಹುಬ್ಬಿನಿಂದ ತಪ್ಪಿತು. ಮೂರು ಸಲ ಪ್ರಶ್ನೆಪತ್ರಿಕೆ ಬಂದು ಮೂರು ಸಲವೂ ಪರೀಕ್ಷೆ ಮುಂದೂಡಿದ ಹಾಗೆ. ತಪ್ಪು ಅವನದಲ್ಲ. ಆದರೆ ಮಾರ್ಕ್ಸ್ ಕಾರ್ಡ್‌ನಲ್ಲಿ ಆ ಜಾಗ ಖಾಲಿ ಇದೆ.

ಡೆನಿಮ್_ಅಣ್ಣ (ಬಳ್ಳಾರಿ), 3:41

ಹಾಗಾದರೆ ಖಬೀಬ್? 29 ಗೆಲುವು, ಸೋಲೇ ಇಲ್ಲ. ಮೆಕ್‌ಗ್ರೆಗರ್, ಪೊಯಿರಿಯರ್, ಗೇಚಿ, ಒಬ್ಬೊಬ್ಬರ ಜೊತೆ ಒಂದೊಂದೇ ಸಲ. 2020ರಲ್ಲಿ ಕೈಗವಸು ಬಿಚ್ಚಿಟ್ಟು ಮನೆಗೆ ಹೋದ. ನಿಮ್ಮ ಲೆಕ್ಕದಲ್ಲಿ ಖಬೀಬ್‌ಗೆ ಸೊನ್ನೆನಾ ಮಿರ್ಚಿ ಅಣ್ಣಾ?

ಜೂಡೋ_ಅಕ್ಕ (ಸಂಡೂರು), 3:44

ಹೌದು, ಇದಕ್ಕೆ ಉತ್ತರ ಹೇಳಿ. ಮೊದಲನೇ ಸಲವೇ ಎದುರಾಳಿಗೆ ಇನ್ನೊಂದು ಸಲ ಕೇಳುವ ಆಸೆ ಹೋಗುವ ಹಾಗೆ ಸೋಲಿಸಿದರೆ, ಎರಡನೇ ಭೇಟಿ ಎಲ್ಲಿಂದ ಬರಬೇಕು?

ಒಗ್ಗರಣಿ_ಮಿರ್ಚಿ (ಬಳ್ಳಾರಿ), 4:05

ಇಪ್ಪತ್ತು ನಿಮಿಷ ಯೋಚನೆ ಮಾಡಿದೆ. ಚಹಾ ಕೂಡ ಕುಡಿದೆ. ಉತ್ತರ ಬರುತ್ತಿಲ್ಲ.

ಸರಿ, ಖಬೀಬ್ ವಿಷಯದಲ್ಲಿ ನನ್ನ ಲೆಕ್ಕ ಕೆಲಸ ಮಾಡುವುದಿಲ್ಲ. ಗೇಚಿಯ ಮುಖ ಅವತ್ತು ನೋಡಿದವರು ಇನ್ನೊಂದು ಸಲ ಆಡಿಸಿ ಅಂತ ಕೇಳುವುದಿಲ್ಲ. ಆದರೆ ಇಸ್ಲಾಂ ವಿಷಯದಲ್ಲಿ ಬಿಡುವುದಿಲ್ಲ. ಯಾಕೆಂದರೆ ವೋಲ್ಕ್ ಮತ್ತು ಸರುಕ್ಯಾನ್ ಇಬ್ಬರ ಮೊದಲ ಪಂದ್ಯವೂ ಇನ್ನೊಂದು ಸಲ ನೋಡೋಣ ಅನ್ನಿಸುವ ಹಾಗೇ ಇದ್ದವು.

ಸುಮ್ನೆ_ಓದೋನು, 4:12

ಯಾರೂ ಫ್ಲೈವೇಟ್ ಚಾಂಪಿಯನ್ ಆಗಿದ್ದ ಪ್ಯಾಂಟೋಜಾ ಬಗ್ಗೆ ಮಾತಾಡಲಿಲ್ಲ. ಇವತ್ತು ಅದೇ ಕಾರ್ಡ್‌ನಲ್ಲಿ ಅವನ ಬೆಲ್ಟೂ ಹೋಯಿತು. 26 ಸೆಕೆಂಡ್. ಬೀಳುವಾಗ ನೆಲಕ್ಕೆ ಕೈ ಊರಿದ, ತೋಳು ಹೋಯಿತು. ಗೆದ್ದ ಜೋಶುವಾ ವ್ಯಾನ್ ಮ್ಯಾನ್ಮಾರ್‌ನಲ್ಲಿ ಹುಟ್ಟಿದವನು, 24 ವರ್ಷ. ಇದನ್ನು ಹೇಗೆ ಅಳೆಯೋದು?

ಡೆನಿಮ್_ಅಣ್ಣ (ಬಳ್ಳಾರಿ), 4:15

ಅಳೆಯೋದೇ ಬೇಡ. ಅದು ಪಂದ್ಯ ಅಲ್ಲ, ಅಪಘಾತ. ಅಕ್ಟೋಬರ್‌ನಲ್ಲಿ ಆಸ್ಪಿನಾಲ್ ಮತ್ತು ಗಾನ್ ಪಂದ್ಯದಲ್ಲಿ ಕಣ್ಣಿಗೆ ಬೆರಳು ಹೋಗಿ ಮೊದಲ ಸುತ್ತಿಗೇ ನಿಂತಿತಲ್ಲ, ಅದೂ ಹಾಗೇ. ಎರಡನ್ನೂ ಪಕ್ಕಕ್ಕಿಡಿ.

ಎಡದಂಡೆ_ಕಾಲುವೆ (ಸಿಂಧನೂರು), 4:30

ಪಕ್ಕಕ್ಕಿಡುವುದಕ್ಕೆ ಆಗುವುದಿಲ್ಲ, ಬೆಲ್ಟ್ ಹೋಗಿದೆ. ಬೆಲ್ಟ್‌ಗೆ ಅಪಘಾತ ಗಿಪಘಾತ ಗೊತ್ತಿಲ್ಲ.

ತೀರ್ಪಿನ ಮಾತು ಬಂತಲ್ಲ, ಒಂದು ಸ್ವಂತ ಹಳೇ ಗಾಯ. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಜಾತ್ರೆ ಕುಸ್ತಿಗೆ ಇಳಿದಿದ್ದೆ, ಯಾವ ಊರು ಅಂತ ಬೇಡ. ಎದುರಿನ ಹುಡುಗನನ್ನು ಎರಡು ಸಲ ಬೆನ್ನಿಗೆ ಹಾಕಿದೆ. ಮೊದಲ ಸಲ "ಒಂದೇ ಭುಜ ತಾಗಿತು" ಅಂದರು. ಎರಡನೇ ಸಲ "ಅಂಚಿನ ಹೊರಗೆ" ಅಂದರು. ಹುಡುಗನ ಮಾವ ಕಮಿಟಿಯಲ್ಲಿದ್ದ. ಕೊನೆಗೆ ಸಮ ಅಂತ ಸಾರಿ ಇಬ್ಬರ ತಲೆಗೂ ಒಂದೊಂದು ರುಮಾಲು ಕಟ್ಟಿದರು, ನೂರು ರೂಪಾಯಿ ಇಬ್ಬರಿಗೂ ಹಂಚಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಬೆನ್ನಿನ ಮಣ್ಣು ಒರೆಸಿಕೊಳ್ಳಲಿಲ್ಲ. ಒರೆಸಲು ನನ್ನ ಬೆನ್ನಿನಲ್ಲಿ ಮಣ್ಣೇ ಇರಲಿಲ್ಲ. ಅದನ್ನು ಎಲ್ಲರಿಗೂ ತೋರಿಸುತ್ತಾ ಅಂಗಿ ಹಾಕದೆ ನಡೆದೆ.

ಅದಕ್ಕೇ ನನಗೆ ನಾಕೌಟ್ ಇಷ್ಟ. ಯಾರ ಮಾವನೂ ನಡುವೆ ಬರುವುದಿಲ್ಲ.

ಗರಡಿ_ಮೊಮ್ಮಗ (ಕೊಪ್ಪಳ), 4:38

ಕಾಲುವೆ ಅಣ್ಣಾ, ಇದನ್ನು ಅಜ್ಜನಿಗೆ ಓದಿ ಹೇಳಿದೆ. "ಹುಡುಗ ಖರೇ ಹೇಳ್ತಾನ" ಅಂದರು. ಆಮೇಲೆ ತಮ್ಮ ಕಾಲದ ನಾಲ್ಕು ಕಮಿಟಿಗಳಿಗೆ ಬೈದರು. ಇಲ್ಲಿ ಬರೆಯುವಂಥದ್ದಲ್ಲ.

ರಾಯಚೂರು_ಸೌತ್‌ಪಾ, 5:02

ಇಷ್ಟೆಲ್ಲ ಪರದೇಶದವರ ಬಗ್ಗೆ ಕಿತ್ತಾಡುತ್ತೇವೆ, ನಮ್ಮವರು? ಅಂಶುಲ್ ಜುಬ್ಲಿ 2023ರ ಫೆಬ್ರವರಿಯಲ್ಲಿ ಯುಎಫ್‌ಸಿಗೆ ಸೇರಿಸುವ ಟೂರ್ನಿ ರೋಡ್ ಟು ಯುಎಫ್‌ಸಿ ಗೆದ್ದಾಗ ನಾನು ಸಿಹಿ ಹಂಚಿದ್ದೆ. ಇಸ್ಲಾಂ ವೋಲ್ಕ್‌ನನ್ನು ಒದ್ದ ಅದೇ ಅಬುಧಾಬಿ ಕಾರ್ಡ್‌ನಲ್ಲಿ ಮೂರನೇ ಸುತ್ತಿಗೆ ಸೋತ. ಈ ಫೆಬ್ರವರಿಯಲ್ಲಿ 19 ಸೆಕೆಂಡಿಗೇ ಸೋತ. ಪೂಜಾ ತೋಮರ್ 2024ರ ಜೂನ್‌ನಲ್ಲಿ ಗೆದ್ದು ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಆದರು, ಈ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ತೋಳಿನ ಲಾಕ್‌ಗೆ ಸೋತರು. ಇಷ್ಟು ಕುಸ್ತಿ ಇರುವ ದೇಶದಲ್ಲಿ ಯಾಕೆ ಹೀಗೆ?

ಜೂಡೋ_ಅಕ್ಕ (ಸಂಡೂರು), 5:20

ಕುಸ್ತಿ ಇದೆ, ಆದರೆ ಕುಸ್ತಿಯವರು ಈ ಕಡೆ ಬರಬೇಕಲ್ಲ. ಒಳ್ಳೆಯ ಕುಸ್ತಿ ಹುಡುಗನಿಗೆ ಪದಕ ಬಂದರೆ ರೈಲ್ವೆ, ಪೊಲೀಸ್, ಸೇನೆಯಲ್ಲಿ ಕೆಲಸ. ಪಂಜರದಲ್ಲಿ ಗೆದ್ದರೆ ಇನ್‌ಸ್ಟಾದಲ್ಲಿ ಒಂದು ರೀಲ್. ಯಾವ ತಾಯಿ ಕಳಿಸುತ್ತಾಳೆ?

ನಮ್ಮ ಪಕ್ಕದ ತೋರಣಗಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಜೂಡೋ, ಬಾಕ್ಸಿಂಗ್ ಮೂರೂ ಒಂದೇ ಆವರಣದಲ್ಲಿದೆ. 2018ರಲ್ಲಿ ಶುರುವಾದದ್ದು. ಮೂರನ್ನೂ ಸೇರಿಸಿದರೆ ಇಸ್ಲಾಂ ಆಡುವ ಆಟದ ಮುಕ್ಕಾಲು ಪಾಲು ಆಯಿತು. ಆದರೆ ಅಲ್ಲಿಯ ಗುರಿ ಒಲಿಂಪಿಕ್ಸ್, ಅದು ಸರಿಯಾದದ್ದೇ. ನಾನು ಹೇಳಿದ್ದು ದಾರಿ ಎಷ್ಟು ಹತ್ತಿರ ಇದೆ ಅನ್ನುವುದಕ್ಕೆ. ಬಳ್ಳಾರಿಯಿಂದ ಬಸ್ಸು ಹತ್ತಿದರೆ ಒಂದು ಗಂಟೆ.

ಒಗ್ಗರಣಿ_ಮಿರ್ಚಿ (ಬಳ್ಳಾರಿ), 6:10

ಸೌತ್‌ಪಾ, ನಿನಗೆ ಒಂದು ಮಾತು ಬಿಟ್ಟುಕೊಡುತ್ತೇನೆ. ಟೊಪುರಿಯಾ ಜೊತೆ ಇಸ್ಲಾಂ ಆಡಿ ಗೆದ್ದರೆ ಎರಡನೇ ಭೇಟಿ ಗಿರಡನೇ ಭೇಟಿ ಎಲ್ಲಾ ಬಿಟ್ಟು ನಾನೇ ಇಲ್ಲಿ ಶ್ರೇಷ್ಠ ಅಂತ ಬರೆಯುತ್ತೇನೆ. ಹೆಸರಿಟ್ಟುಕೋ. ಅಲ್ಲಿಯವರೆಗೆ ನನ್ನ ಕೈ ಅರ್ಧಕ್ಕೇ ಎದ್ದಿದೆ.

ರಾಯಚೂರು_ಸೌತ್‌ಪಾ, 6:14

ಸ್ಕ್ರೀನ್‌ಶಾಟ್ ತೆಗೆದಾಯಿತು ಅಣ್ಣಾ. ನಿಮ್ಮಿಂದಲೇ ಕಲಿತದ್ದು.

ಗರಡಿ_ಮೊಮ್ಮಗ (ಕೊಪ್ಪಳ), 7:45

ಸಂಜೆ ಅಜ್ಜನಿಗೆ ಇವತ್ತಿನ ಮೆರಾಬ್ ಮತ್ತು ಯಾನ್ ಪಂದ್ಯ ತೋರಿಸಿದೆ. ರಕ್ತ ಬಂತು, ಆದರೂ ಎದ್ದು ಹೋಗಲಿಲ್ಲ, ಇದೇ ಮೊದಲು. ಫಲಿತಾಂಶ ಮೊದಲೇ ಹೇಳಿರಲಿಲ್ಲ. ಯಾನ್ ಕೈ ಎತ್ತಿದಾಗ ತಲೆ ಆಡಿಸಿದರು. ಮೊದಲ ಸಲ ಇವನು ಸೋತಿದ್ದ, ಈಗ ಗೆದ್ದ, ಒಂದೊಂದು ಆಯಿತು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳಿದರು:

"ಮೂರನೇದು ಯಾವತ್ತು?"

ಇನ್ನೂ ಗೊತ್ತಿಲ್ಲ ಅಂದೆ. ಗೊತ್ತಾದ ದಿನ ಎಬ್ಬಿಸು, ನಾನು ಸ್ನಾನ ಮುಗಿಸಿ ಕೂತಿರ್ತೀನಿ ಅಂದರು.

ಒಗ್ಗರಣಿ_ಮಿರ್ಚಿ (ಬಳ್ಳಾರಿ), 7:51

ಅವತ್ತು ನಾನು ಕೊಪ್ಪಳಕ್ಕೆ ಬರುತ್ತೇನೆ. ಮಿರ್ಚಿ ನನ್ನ ಕಡೆಯಿಂದ. ಅಜ್ಜನಿಗೆ ಖಾರ ನಡೆಯುತ್ತಾ?